ಮಧುಮೇಹದ ನಾಯಿಯೂ ಶ್ರಾವಕನ ಮನೆಯೂ

ಮಧುಮೇಹ ತಗುಲಿದ ನಾಯಿಗೆ ದಿನಕ್ಕೆರಡು ಬಾರಿ ಸೂಜಿ ಚುಚ್ಚುವುದು ಹಿಂಸೆಯೆಂದೂ, ಆದುದರಿಂದ ಅಹಿಂಸಾಣುವ್ರತವನ್ನು ಪಾಲಿಸುವ ಗೃಹಸ್ಥನು ಅದನ್ನು ಅದರ ಕರ್ಮಕ್ಕೆ ಬಿಟ್ಟು ಸುಮ್ಮನಿರುವುದೇ ಧರ್ಮವೆಂದೂ ನಮ್ಮವರಲ್ಲಿ ಕೆಲವರು ಹೇಳುವುದುಂಟು. ಹೇಳುವವರು ಅಜ್ಞರೇನಲ್ಲ. ನಿತ್ಯ ಸ್ವಾಧ್ಯಾಯ ಮಾಡುವವರು, ಅಷ್ಟಮಿ ಚತುರ್ದಶಿಗಳಂದು ಏಕಾಶನ ಮಾಡುವವರು, ಬಸದಿಯ ಆಡಳಿತದಲ್ಲಿ ಕೈಜೋಡಿಸಿದವರು. ಮಾತು ದಯೆಯ ಉಡುಪು ತೊಟ್ಟು ಬರುವುದರಿಂದ ಅದನ್ನು ಎದುರಿಸಿ ಮಾತನಾಡಲು ಕೇಳುವವರು ಹಿಂಜರಿಯುತ್ತಾರೆ. ಹಿಂಜರಿಯುವಷ್ಟರಲ್ಲಿ ನಾಯಿ ಸತ್ತಿರುತ್ತದೆ. ಈ ವಾದದಲ್ಲಿ ದಯೆಯ ಅಂಶ ಎಷ್ಟಿದೆ, ಪ್ರಮಾದದ ಅಂಶ ಎಷ್ಟಿದೆ ಎಂಬುದನ್ನು ಸಮಾಜಬಾಂಧವರ ಮುಂದೆ ಬಿಡಿಸಿ ಇಡುವುದು ಅಗತ್ಯವೆಂದು ತೋರಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲು ರೋಗವೇನೆಂಬುದನ್ನು ತಿಳಿಯಬೇಕು. ಮನುಷ್ಯನಿಗಿರುವಂತೆಯೇ ನಾಯಿಗೂ ಮೇದೋಜೀರಕ ಗ್ರಂಥಿಯಿದೆ. ಅದು ಸ್ರವಿಸುವ ಇನ್ಸುಲಿನ್ ಎಂಬ ರಸವು ರಕ್ತದಲ್ಲಿರುವ ಸಕ್ಕರೆಯನ್ನು ಜೀವಕೋಶಗಳ ಒಳಕ್ಕೆ ಬಿಡುವ ಬೀಗದ ಕೈಯಂತೆ ಕೆಲಸ ಮಾಡುತ್ತದೆ. ನಾಯಿಗಳ ಮಧುಮೇಹದಲ್ಲಿ ಬಹುಮಟ್ಟಿಗೆ ಆ ರಸವನ್ನು ತಯಾರಿಸುವ ಕೋಶಗಳೇ ನಾಶವಾಗಿರುತ್ತವೆ. ಆಗ ತಿಂದ ಆಹಾರವು ಸಕ್ಕರೆಯಾಗಿ ರಕ್ತದಲ್ಲಿ ತೇಲುತ್ತದೆ, ಮೂತ್ರದಲ್ಲಿ ಹರಿದುಹೋಗುತ್ತದೆ, ದೇಹಕ್ಕೆ ದಕ್ಕುವುದಿಲ್ಲ. ನಾಯಿ ಬಟ್ಟಲುಗಟ್ಟಲೆ ನೀರು ಕುಡಿಯುತ್ತದೆ, ಮನೆಯೊಳಗೇ ಮೂತ್ರ ಮಾಡುತ್ತದೆ, ಹಾಕಿದ್ದನ್ನೆಲ್ಲ ತಿನ್ನುತ್ತದೆ, ಆದರೂ ಪಕ್ಕೆಲುಬು ಎಣಿಸುವಂತೆ ಬಡವಾಗುತ್ತದೆ. ಮನೆಯವರ ಕಣ್ಣಿಗೆ ಮೊದಲು ಬೀಳುವುದು ನೆಲದ ಮೇಲಿನ ಮೂತ್ರ. ಅದಕ್ಕಾಗಿ ಗದರುತ್ತಾರೆ, ಹೊರಗೆ ಕಟ್ಟುತ್ತಾರೆ, ನೀರಿನ ಬಟ್ಟಲನ್ನೇ ಎತ್ತಿಡುವವರೂ ಇದ್ದಾರೆ. ನೀರು ತಪ್ಪಿಸಿದರೆ ರೋಗ ಇಳಿಯುವುದಿಲ್ಲ, ದೇಹ ಒಣಗುತ್ತದೆ ಅಷ್ಟೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ದೇಹವು ತನ್ನ ಕೊಬ್ಬನ್ನೇ ಕರಗಿಸಿಕೊಳ್ಳಲು ತೊಡಗಿ ರಕ್ತದಲ್ಲಿ ಆಮ್ಲ ಏರುತ್ತದೆ. ವಾಂತಿ, ನಿತ್ರಾಣ, ಉಸಿರಿನಲ್ಲಿ ವಿಚಿತ್ರವಾದ ಸಿಹಿವಾಸನೆ, ಕೊನೆಗೆ ಮರಣ. ಮನೆಯ ಹಿರಿಯರು ನುಂಗುವ ಸಕ್ಕರೆ ಕಾಯಿಲೆಯ ಮಾತ್ರೆಗಳಿಂದ ನಾಯಿಗೆ ಪ್ರಯೋಜನವಿಲ್ಲ. ಅದಕ್ಕಿರುವ ಮದ್ದು ಇನ್ಸುಲಿನ್ ಒಂದೇ, ಅದನ್ನು ಕೊಡುವ ದಾರಿ ಸೂಜಿಯೊಂದೇ.

ಈಗ ಶಾಸ್ತ್ರದ ಮಾತಿಗೆ ಬರೋಣ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಹೊರಲಾರದ ಭಾರ ಹೇರುವುದು, ಅನ್ನನೀರನ್ನು ತಡೆಯುವುದು. ಈ ಪಟ್ಟಿಯನ್ನು ಗಮನವಿಟ್ಟು ಓದಿದರೆ ಇದು ಕಾಡಿನ ಮೃಗಕ್ಕಿಂತ ಹೆಚ್ಚಾಗಿ ಮನೆಯ ಪ್ರಾಣಿಗೆ ಅನ್ವಯಿಸುವ ಪಟ್ಟಿಯೆಂಬುದು ಹೊಳೆಯುತ್ತದೆ. ನಮ್ಮ ವಶದಲ್ಲಿರುವ ಜೀವಕ್ಕೆ ಮಾತ್ರ ನಾವು ಅನ್ನವನ್ನು ತಡೆಯಬಲ್ಲೆವು. ಬೀದಿಯ ನಾಯಿ ನಾಲ್ಕು ಮನೆ ತಿರುಗಿ ತಿನ್ನುತ್ತದೆ. ಸರಪಣಿಯ ನಾಯಿಗೆ ನಮ್ಮ ಕೈಯೊಂದೇ ಗತಿ. ಮಧುಮೇಹದ ನಾಯಿಯ ವಿಷಯದಲ್ಲಿ ಈ ಅತಿಚಾರದ ಅರ್ಥ ಇನ್ನೂ ಒಂದು ಹೆಜ್ಜೆ ಆಳಕ್ಕೆ ಹೋಗುತ್ತದೆ. ಇನ್ಸುಲಿನ್ ಇಲ್ಲದೆ ಅದಕ್ಕೆ ತಟ್ಟೆ ತುಂಬ ಅನ್ನ ಹಾಕಿದರೂ ಹಾಕಿದಂತಾಗುವುದಿಲ್ಲ. ತುಂಬಿದ ಕಣಜದ ಮುಂದೆ ಹಸಿವಿನಿಂದ ಸಾಯುವ ಸ್ಥಿತಿ ಅದರದು. ಬೀಗದ ಕೈ ಅಂಗಡಿಯಲ್ಲಿ ದೊರೆಯುವಾಗ ಅದನ್ನು ತರಲೊಲ್ಲೆನೆನ್ನುವುದು ಅನ್ನಪಾನನಿರೋಧವಲ್ಲದೆ ಮತ್ತೇನು?

ಸೂಜಿಯ ನೋವಿನ ಮಾತು. ಇನ್ಸುಲಿನ್ನಿನ ಸೂಜಿ ಕೂದಲೆಳೆಗಿಂತ ತುಸು ದಪ್ಪ. ಅದು ಮಾಂಸಖಂಡಕ್ಕೆ ಹೋಗಬೇಕಾದ್ದಿಲ್ಲ. ಬೆನ್ನಿನ ಪಕ್ಕದಲ್ಲಿ ಚರ್ಮವನ್ನು ಗುಡಾರದಂತೆ ಎತ್ತಿ ಹಿಡಿದು ಅದರ ಕೆಳಗೆ ಬಿಟ್ಟರೆ ಸಾಕು. ತಿನ್ನುವುದರಲ್ಲಿ ಮಗ್ನವಾದ ನಾಯಿ ಸಾಮಾನ್ಯವಾಗಿ ತಿರುಗಿಯೂ ನೋಡುವುದಿಲ್ಲ. ಹಿಂಸೆಯನ್ನು ನಮ್ಮ ಆಚಾರ್ಯರು ನೋವಿನಿಂದ ಅಳೆಯಲಿಲ್ಲ, ಪ್ರಮಾದದಿಂದ ಅಳೆದರು. ಕೂಸಿಗೆ ಸಿಡುಬಿನ ಚುಚ್ಚುಮದ್ದು ಹಾಕಿಸಿದ ಅಜ್ಜಿಯನ್ನು ಯಾರೂ ಹಿಂಸಕಿಯೆನ್ನಲಿಲ್ಲ. ಬೆಳಿಗ್ಗೆ ತನ್ನ ಹೊಟ್ಟೆಗೆ ತಾನೇ ಇನ್ಸುಲಿನ್ ಚುಚ್ಚಿಕೊಂಡು ಉಪಾಹಾರಕ್ಕೆ ಕೂರುವ ಗೃಹಸ್ಥನೊಬ್ಬ ಅದೇ ಸೂಜಿ ತನ್ನ ನಾಯಿಗೆ ಹಿಂಸೆಯಾಗುತ್ತದೆಂದು ವಾದಿಸಿದರೆ ಆತನ ಶೀತಕಪಾಟನ್ನು ತೆರೆದು ತೋರಿಸುವುದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಆ ಕಪಾಟಿನಲ್ಲಿರುವ ಸೀಸೆಗೆ ಒಂದು ಚರಿತ್ರೆಯಿದೆ. ನಮ್ಮ ಸಮಾಜದ ಮಧುಮೇಹಿಗಳೆಲ್ಲರೂ ಅದನ್ನು ತಿಳಿದಿರಬೇಕು. ೧೮೮೯ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಎಂಬಿಬ್ಬರು ವಿಜ್ಞಾನಿಗಳು ನಾಯಿಯೊಂದರ ಮೇದೋಜೀರಕವನ್ನು ತೆಗೆದುಹಾಕಿದಾಗ ಅದಕ್ಕೆ ಮಧುಮೇಹ ಬಂದಿತು. ರೋಗದ ಮೂಲ ಎಲ್ಲಿದೆಯೆಂದು ಜಗತ್ತಿಗೆ ತಿಳಿದದ್ದು ಹಾಗೆ. ೧೯೨೧ರಲ್ಲಿ ಕೆನಡಾದ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ನಾಯಿಗಳ ಮೇಲೆಯೇ ಪ್ರಯೋಗ ನಡೆಸಿ ಇನ್ಸುಲಿನ್ನನ್ನು ಬೇರ್ಪಡಿಸಿದರು. ೧೯೨೨ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಅದನ್ನು ಮೊದಲು ಕೊಡಲಾಯಿತು. ೧೯೨೩ರಲ್ಲಿ ಬ್ಯಾಂಟಿಂಗ್ ಮತ್ತು ಮೆಕ್ಲಿಯಡ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ನಾಯಿಗಳಿಗೆ ಏನೂ ಬರಲಿಲ್ಲ. ಆ ಪ್ರಯೋಗಗಳನ್ನು ನಾನು ಸಮರ್ಥಿಸುತ್ತಿಲ್ಲ, ಜೈನನಾದವನು ಸಮರ್ಥಿಸಲಾರ. ಆದರೆ ಆದ ಹಿಂಸೆಯ ಫಲವನ್ನು ಮನುಷ್ಯರಾದ ನಾವು ನೂರು ವರ್ಷಗಳಿಂದ ಉಣ್ಣುತ್ತಿದ್ದೇವೆ. ಯಾವ ಜಾತಿಯ ಪ್ರಾಣಿಯ ಒಡಲಿನಿಂದ ಈ ಔಷಧದ ಅರಿವು ಹುಟ್ಟಿತೋ ಆ ಜಾತಿಗೇ ಅದನ್ನು ಧರ್ಮದ ಹೆಸರಿನಲ್ಲಿ ನಿರಾಕರಿಸುವುದನ್ನು ಏನೆಂದು ಕರೆಯೋಣ?

ಔಷಧದ ಮೂಲವನ್ನು ಕುರಿತು ಆಕ್ಷೇಪಿಸುವವರದು ಮಾತ್ರ ಗಂಭೀರವಾದ ಆಕ್ಷೇಪ. ಅದಕ್ಕೆ ಗೌರವದಿಂದ ಉತ್ತರಿಸಬೇಕು. ದಶಕಗಳ ಕಾಲ ಇನ್ಸುಲಿನ್ ವಧಾಗಾರದ ದನ ಮತ್ತು ಹಂದಿಗಳ ಗ್ರಂಥಿಯಿಂದಲೇ ಬರುತ್ತಿತ್ತು. ಆ ಕಾಲದ ವ್ರತನಿಷ್ಠರ ಸಂಕಟ ನಿಜವಾದದ್ದು. ೧೯೭೮ರಲ್ಲಿ ಸೂಕ್ಷ್ಮಾಣುಗಳ ಮೂಲಕ ಮಾನವ ಇನ್ಸುಲಿನ್ನನ್ನು ತಯಾರಿಸುವ ವಿಧಾನ ಕಂಡುಹಿಡಿಯಲ್ಪಟ್ಟಿತು; ೧೯೮೨ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಇಂದು ನಮ್ಮ ಊರುಗಳ ಔಷಧದಂಗಡಿಗಳಲ್ಲಿ ದೊರೆಯುವ ಮಾನವ ಇನ್ಸುಲಿನ್ ಈ ಬಗೆಯದು, ಅದರಲ್ಲಿ ಎನ್‌ಪಿಎಚ್ ಎಂಬ ಪ್ರಕಾರವನ್ನು ಪಶುವೈದ್ಯರು ನಾಯಿಗಳಿಗೂ ಬಳಸುತ್ತಾರೆ. ಹಂದಿಯ ಇನ್ಸುಲಿನ್ ರಚನೆಯಲ್ಲಿ ನಾಯಿಯದಕ್ಕೆ ಸಂಪೂರ್ಣ ಸಮಾನವಾದದ್ದು. ಅದರಿಂದ ಪ್ರಾಣಿಗಳಿಗೆಂದೇ ತಯಾರಿಸಿದ ಔಷಧವೂ ಉಂಟು. ವೈದ್ಯರು ಅದನ್ನು ಬರೆದರೆ ನಮ್ಮ ವ್ರತವನ್ನು ತಿಳಿಸಿ ಬದಲಿ ಕೇಳಬಹುದು. ಕೇಳುವುದಕ್ಕೆ ಸಂಕೋಚ ಬೇಡ. ಸೂಕ್ಷ್ಮಾಣುಗಳೂ ಜೀವಿಗಳಲ್ಲವೇ ಎಂದು ಮುಂದುವರಿಯುವವರಿಗೆ, ಗೃಹಸ್ಥನ ಅಣುವ್ರತ ಮುನಿಯ ಮಹಾವ್ರತವಲ್ಲವೆಂಬುದನ್ನು ನೆನಪಿಸಿದರೆ ಸಾಕು. ಹಾಲಿಗೆ ಹೆಪ್ಪು ಹಾಕುವ ಮನೆಯಲ್ಲಿ ಆ ಪ್ರಶ್ನೆಯನ್ನು ನಾಯಿಯ ಸರದಿ ಬಂದಾಗ ಮಾತ್ರ ಕೇಳುವುದು ಸಲ್ಲದು.

ಇನ್ನು ಕರ್ಮವಾದ. ನಾಯಿಗೆ ಅಸಾತಾವೇದನೀಯದ ಉದಯವಾಗಿದೆ, ನಾವು ಅಡ್ಡಬರಬಾರದು ಎನ್ನುತ್ತಾರೆ. ತಂದೆಗೆ ಎದೆನೋವು ಬಂದ ರಾತ್ರಿ ಈ ತತ್ತ್ವ ಯಾರ ಬಾಯಲ್ಲೂ ಬರುವುದಿಲ್ಲ. ವಾಹನ ಎಲ್ಲಿ, ವೈದ್ಯರು ಎಲ್ಲಿ ಎಂದು ಓಡುತ್ತೇವೆ. ಅದರ ಕರ್ಮ ಅದಕ್ಕೆ ಎಂಬುದು ನಿಜವಾದರೆ, ನೋಡುತ್ತ ಕುಳಿತ ನಮ್ಮ ಕರ್ಮ ನಮಗೆ ಎಂಬುದೂ ಅಷ್ಟೇ ನಿಜ. ಜೀವಂಧರಕುಮಾರನು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರವನ್ನು ಹೇಳಿದ, ಅದು ಯಕ್ಷನಾಗಿ ಹುಟ್ಟಿತು ಎಂಬ ಕಥೆಯನ್ನು ಇಲ್ಲಿ ಎಳೆದುತರುವವರೂ ಇದ್ದಾರೆ. ಕಥೆಯನ್ನು ಭಾಸ್ಕರಕವಿ ೧೪೨೪ರಲ್ಲಿ ಕನ್ನಡದಲ್ಲಿ ಹಾಡಿದ್ದಾನೆ, ನಮ್ಮ ಮಕ್ಕಳಿಗೂ ಅದು ಗೊತ್ತು. ಆದರೆ ಆ ನಾಯಿ ಸಾಯುತ್ತಿತ್ತು. ಸೂಜಿಮದ್ದಿನಿಂದ ಇನ್ನೂ ಕೆಲವು ವರ್ಷ ಬದುಕಬಲ್ಲ ನಾಯಿಯ ಕಿವಿಯಲ್ಲಿ ಮಂತ್ರ ಹೇಳಿ ಕೈತೊಳೆದುಕೊಳ್ಳುವುದಕ್ಕೆ ಜೀವಂಧರನ ಸಾಕ್ಷ್ಯ ದೊರೆಯುವುದಿಲ್ಲ. ಕಥೆಗಳೇ ಬೇಕೆಂದಾದರೆ ೧೨೦೯ರ ಜನ್ನನ ಯಶೋಧರಚರಿತೆಯನ್ನೂ ನೆನೆಯೋಣ. ಅಲ್ಲಿ ರಾಜಮಾತೆ ಚಂದ್ರಮತಿ ಮರುಜನ್ಮದಲ್ಲಿ ನಾಯಿಯಾಗಿ ಮೊಮ್ಮಗನ ಅರಮನೆಗೇ ಬರುತ್ತಾಳೆ.

ಕಳೆದ ಕೆಲವು ವರ್ಷಗಳಿಂದ ಇನ್ನೊಂದು ವಾದ ಕೇಳಿಬರುತ್ತಿದೆ. ೨೦೧೫ರ ಆಗಸ್ಟ್‌ನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯ ಸಂಥಾರಾವನ್ನು ಆತ್ಮಹತ್ಯೆಯೆಂದು ತೀರ್ಪಿತ್ತಾಗ, ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿದಾಗ, ಸಲ್ಲೇಖನವೆಂದರೇನೆಂದು ನಾವೆಲ್ಲ ಊರೂರುಗಳಲ್ಲಿ ವಿವರಿಸಿ ಹೇಳಿದೆವು: ಅದು ಸ್ವಇಚ್ಛೆಯದು, ವಿವೇಕದಿಂದ ಕೂಡಿದ್ದು, ಗುರುವಿನ ಸಮ್ಮುಖದಲ್ಲಿ ಸ್ವೀಕರಿಸಿದ್ದು, ಯಾರೂ ಯಾರ ಮೇಲೂ ಹೇರಲಾಗದ್ದು ಎಂದು. ಹಾಗೆ ವಾದಿಸಿದವರೇ ರೋಗಿ ನಾಯಿ ಅನ್ನ ಬಿಟ್ಟಾಗ ಅದು ಸಲ್ಲೇಖನ ಹಿಡಿದಿದೆ ಎನ್ನುವುದು ಎಂಥ ವಿಪರ್ಯಾಸ! ರಕ್ತದಲ್ಲಿ ಆಮ್ಲ ಏರಿದ್ದರಿಂದ ಅದು ಅನ್ನ ಬಿಟ್ಟಿದೆ. ಪಶುವೈದ್ಯರು ಸೂಚಿಸುವ ದಯಾಮರಣವನ್ನು ನಾವು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಔಷಧವನ್ನೂ ಒಲ್ಲೆವೆಂದರೆ ಅದೇ ಮರಣವನ್ನು ವಾರಗಟ್ಟಲೆ ಎಳೆದು ಕೊಟ್ಟಂತಾಗುತ್ತದೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಪದ್ಧತಿ ಕೆಲವು ಮನೆಗಳಲ್ಲಿದೆ. ದಶಲಕ್ಷಣ ಪರ್ವದಲ್ಲೋ ಚತುರ್ದಶಿಯಂದೋ ಮನೆಯವರು ಉಪವಾಸವಿರುವಾಗ ನಾಯಿಗೂ ಉಪವಾಸ. ನಮ್ಮ ನಾಯಿಯೂ ವ್ರತಸ್ಥ ಎಂದು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಸಂಕಲ್ಪವಿಲ್ಲದ ಉಪವಾಸಕ್ಕೆ ಹಸಿವು ಎಂಬ ಹೆಸರಿದೆ. ಆರೋಗ್ಯವಂತ ನಾಯಿ ಒಂದು ದಿನದ ಹಸಿವನ್ನು ತಾಳಿಕೊಂಡೀತು. ಇನ್ಸುಲಿನ್ ಪಡೆಯುವ ನಾಯಿಗೆ ಅದು ಪ್ರಾಣಾಂತಿಕ. ಅನ್ನವಿಲ್ಲದೆ ಸೂಜಿಮದ್ದು ಒಳಗೆ ಹೋದರೆ ರಕ್ತದ ಸಕ್ಕರೆ ಕುಸಿಯುತ್ತದೆ: ನಡಿಗೆ ತೂರಾಡುತ್ತದೆ, ಮೈ ನಡುಗುತ್ತದೆ, ಸೆಳವು ಬರುತ್ತದೆ. ಯಾವ ದಿನ ನಾಯಿ ತಾನಾಗಿ ತಿನ್ನಲಿಲ್ಲವೋ ಆ ದಿನ ಎಂದಿನ ಪ್ರಮಾಣವನ್ನು ಚುಚ್ಚದೆ ವೈದ್ಯರನ್ನು ಕೇಳಬೇಕು.

ಸಕ್ಕರೆ ಕುಸಿದ ನಾಯಿಯ ವಸಡಿಗೆ ಜೇನು ಸವರಬೇಕೆಂದು ಇಂಗ್ಲಿಷ್ ಪುಸ್ತಕಗಳು ಹೇಳುತ್ತವೆ. ಮಧುತ್ಯಾಗ ಮಾಡಿದ ನಮ್ಮ ಮನೆಗಳಲ್ಲಿ ಜೇನಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ಗ್ಲೂಕೋಸ್ ಪುಡಿಯನ್ನೋ ಸಕ್ಕರೆಯನ್ನೋ ಸ್ವಲ್ಪ ನೀರಿನಲ್ಲಿ ಗಟ್ಟಿಯಾಗಿ ಕಲಸಿ ವಸಡಿಗೆ ಉಜ್ಜಿದರೆ ಅದೇ ಕೆಲಸವಾಗುತ್ತದೆ. ಪ್ರಜ್ಞೆಯಿಲ್ಲದ ನಾಯಿಯ ಬಾಯಿಗೆ ಪಾನಕ ಸುರಿಯಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಉಜ್ಜಿ, ಒಡನೆ ವೈದ್ಯರಲ್ಲಿಗೆ ಒಯ್ಯಬೇಕು. ಮಧುಮೇಹಿಗಳಿಗೆಂದು ಮಾರುವ ಸಕ್ಕರೆರಹಿತ ತಿನಿಸನ್ನು ನಾಯಿಗೂ ಒಳ್ಳೆಯದೆಂದು ಕೊಡುವವರು ಎಚ್ಚರಿಕೆಯಿಂದಿರಬೇಕು. ಅವುಗಳಲ್ಲಿ ಕೆಲವಕ್ಕೆ ಸೇರಿಸುವ ಕ್ಸೈಲಿಟಾಲ್ ಎಂಬ ಸಿಹಿವಸ್ತು ನಾಯಿಗೆ ವಿಷ.

ದಿನಚರಿಯ ವಿಷಯದಲ್ಲಿ ನನಗೆ ಆಶ್ಚರ್ಯ ಹುಟ್ಟಿಸುವ ಸಂಗತಿಯೊಂದುಂಟು. ಸುಮಾರು ಹನ್ನೆರಡು ಗಂಟೆಗಳ ಅಂತರದಲ್ಲಿ ಎರಡು ಊಟ, ಎರಡೂ ಸಮಪ್ರಮಾಣ, ಪ್ರತಿ ಊಟದೊಂದಿಗೆ ಒಂದು ಸೂಜಿಮದ್ದು, ನಡುವೆ ಬಾಯಾಡಿಸುವುದಿಲ್ಲ. ಇದು ವೈದ್ಯರ ವಿಧಿ. ಹೊತ್ತು ಮೂಡಿದ ಮೇಲೆ ಉಂಡು ಹೊತ್ತು ಮುಳುಗುವ ಮೊದಲು ಮುಗಿಸುವ ಮನೆಗೆ ಇದಕ್ಕಿಂತ ಸಹಜವಾದ ವಿಧಿ ಬೇರೆ ಯಾವುದಿದೆ? ಹೊತ್ತುಗೊತ್ತಿಲ್ಲದೆ ತಿನ್ನುವ ಮನೆಗಳಿಗೆ ಇದು ಕಷ್ಟ. ನಿಯಮವೇ ಉಸಿರಾದ ಮನೆಯವರು ಇದನ್ನು ಕಷ್ಟವೆನ್ನುವುದು ಸೋಜಿಗ. ಬೆಳಿಗ್ಗೆ ಆರು, ಸಂಜೆ ಆರು ಎಂದಿಟ್ಟುಕೊಂಡರೆ ಎರಡೂ ಹಗಲಿನ ಅಂಚಿನಲ್ಲೇ ಮುಗಿಯುತ್ತವೆ. ಚಳಿಗಾಲದಲ್ಲಿ ಕೆಲವು ನಿಮಿಷ ಕತ್ತಲಾದರೆ ರಾತ್ರಿಭೋಜನತ್ಯಾಗ ಮಾಡಿದವರು ನಾವು, ನಾಯಿಯಲ್ಲ.

ಸೀಸೆಯನ್ನು ಶೀತಕಪಾಟಿನಲ್ಲಿ ಇಡಬೇಕು, ಮಂಜುಗಟ್ಟುವ ಅರೆಯಲ್ಲಿ ಇಡಬಾರದು. ಮಸುಕಾದ ಎನ್‌ಪಿಎಚ್ ಇನ್ಸುಲಿನ್ನನ್ನು ಕುಲುಕದೆ ಅಂಗೈಗಳ ನಡುವೆ ಮೆಲ್ಲನೆ ಹೊರಳಿಸಬೇಕು. ಚುಚ್ಚುವ ಜಾಗವನ್ನು ದಿನದಿನ ಬದಲಿಸಬೇಕು. ಇವೆಲ್ಲವನ್ನು ವೈದ್ಯರ ಬಳಿ ಒಮ್ಮೆ ಕಲಿತರೆ ಮರೆಯುವಂಥವಲ್ಲ. ಮರೆತರೆ ಜೀವಕ್ಕೆ ಎರವಾಗುವುದು ಒಂದೇ. ನಮ್ಮ ದೇಶದಲ್ಲಿ ಇನ್ಸುಲಿನ್ ಒಂದು ಮಿಲಿಲೀಟರಿಗೆ ೪೦ ಮಾನದ ಸೀಸೆಯಾಗಿಯೂ ೧೦೦ ಮಾನದ ಸೀಸೆಯಾಗಿಯೂ ದೊರೆಯುತ್ತದೆ. ಎರಡಕ್ಕೂ ಸಿರಿಂಜು ಬೇರೆ ಬೇರೆ. ನಲವತ್ತರದಕ್ಕೆ ಕೆಂಪು ಮುಚ್ಚಳ, ನೂರರದಕ್ಕೆ ಕಿತ್ತಳೆ ಮುಚ್ಚಳ. ನೂರರ ಸೀಸೆಯಿಂದ ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದರೆ ನಾಯಿಗೆ ಹೋಗುವುದು ಹೇಳಿದ್ದರ ಎರಡೂವರೆ ಪಟ್ಟು. ಮನೆಯ ಹಿರಿಯರ ಸಿರಿಂಜನ್ನೇ ನಾಯಿಗೂ ಎತ್ತಿಕೊಳ್ಳುವ ಮನೆಯಲ್ಲಿ ಈ ತಪ್ಪು ಸುಲಭವಾಗಿ ಆಗುತ್ತದೆ. ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು, ನೆರೆಮನೆಯವರಲ್ಲ. ಮನೆಯಲ್ಲಿಯೇ ಕಿವಿಯಂಚಿನಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡಬಹುದು. ಆದರೆ ಮನುಷ್ಯರ ಅಳತೆಯಂತ್ರ ನಾಯಿಯ ರಕ್ತದಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆಂಬುದು ನೆನಪಿರಲಿ. ಇಷ್ಟೆಲ್ಲ ಮಾಡಿದರೂ ಹೆಚ್ಚಿನ ನಾಯಿಗಳಿಗೆ ವರ್ಷದೊಳಗೆ ಕಣ್ಣಿನಲ್ಲಿ ಪೊರೆ ಕಟ್ಟುತ್ತದೆ. ಕುರುಡಾದ ನಾಯಿ ಮನೆಯ ಮೂಲೆಮೂಲೆಯನ್ನು ಮೂಗಿನಿಂದ ಬಲ್ಲದು. ಮಂಚ ಕುರ್ಚಿಗಳನ್ನು ಕದಲಿಸದಿದ್ದರೆ ಅದು ನೆಮ್ಮದಿಯಾಗಿಯೇ ಓಡಾಡಿಕೊಂಡಿರುತ್ತದೆ.

ಆಹಾರದಲ್ಲಿ ನಮ್ಮ ಅಡುಗೆಮನೆಗೆ ಒಂದು ಅನುಕೂಲ, ಒಂದು ದೋಷ. ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತವನ್ನು ಕೆಡಿಸುತ್ತವೆ, ಅವು ನಮ್ಮಲ್ಲಿಲ್ಲ. ದೋಷವೆಂದರೆ ತುಪ್ಪ ಮತ್ತು ಪ್ರೀತಿ. ಹಬ್ಬದ ಲಾಡು, ಹೋಳಿಗೆ, ಅಭಿಷೇಕದ ಪ್ರಸಾದ ಎಲ್ಲವೂ ನಾಯಿಯ ತಟ್ಟೆಗೆ. ಮೈಬೊಜ್ಜೂ, ಅತಿಯಾದ ಜಿಡ್ಡಿನ ಊಟದಿಂದ ಕೆರಳುವ ಮೇದೋಜೀರಕದ ಉರಿಯೂತವೂ ಈ ರೋಗಕ್ಕೆ ದಾರಿ ಮಾಡಿಕೊಡುತ್ತವೆ. ಲಾಡಿನಲ್ಲಿರುವ ಒಣದ್ರಾಕ್ಷಿ ಅದರ ಮೂತ್ರಪಿಂಡಕ್ಕೂ ಅಪಾಯಕರ. ಸಮತೋಲನದಿಂದ ರೂಪಿಸಿದ ಸಸ್ಯಾಹಾರದಲ್ಲಿ ನಾಯಿ ಬದುಕಬಲ್ಲದು. ಬರಿಯ ಮೊಸರನ್ನ ಸಮತೋಲನದ ಆಹಾರವಲ್ಲವಾದ್ದರಿಂದ ಇದನ್ನೂ ವೈದ್ಯರನ್ನು ಕೇಳಿಯೇ ಗೊತ್ತುಮಾಡಬೇಕು. ಬೆಕ್ಕಿನ ವಿಚಾರ ಬೇರೆ. ಅದು ಮಾಂಸವನ್ನೇ ಅವಲಂಬಿಸಿದ ದೇಹ. ಮಧುಮೇಹ ಬಂದ ಬೆಕ್ಕಿಗೆ ಪಿಷ್ಟ ಕಡಿಮೆ ಮಾಡಿ ಮಾಂಸದ ಸಾರಾಂಶ ಹೆಚ್ಚಿಸಬೇಕೆನ್ನುತ್ತಾರೆ ವೈದ್ಯರು, ಹಾಗೆ ಮಾಡಿದಾಗ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನಿನ ಅಗತ್ಯವೇ ತಪ್ಪುವುದೂ ಉಂಟು. ಆ ಬಟ್ಟಲನ್ನು ನಮ್ಮ ಮನೆಯಲ್ಲಿ ಇಡಲಾರೆವು. ಆದುದರಿಂದ ಬೆಕ್ಕನ್ನು ತಂದು ಹಾಲನ್ನದಲ್ಲಿ ಸಾಕುತ್ತೇವೆಂಬ ಹಟ ಬೇಡ, ತರುವುದೇ ಬೇಡ. ಇದು ಹಲವರಿಗೆ ರುಚಿಸಲಾರದು, ಆದರೂ ಹೇಳಲೇಬೇಕು.

ಹೆಣ್ಣುನಾಯಿಯ ಗರ್ಭಾಶಯದ ಶಸ್ತ್ರಕ್ರಿಯೆಯನ್ನು ಛೇದವೆಂಬ ಅತಿಚಾರದೊಳಗೆ ಸೇರಿಸಿ ವಿರೋಧಿಸುವವರಿದ್ದಾರೆ. ಬೆದೆ ಕಳೆದ ಮೇಲೆ ಹೆಣ್ಣುನಾಯಿಯ ಮೈಯಲ್ಲಿ ಏರುವ ರಸಗಳು ಇನ್ಸುಲಿನ್ನಿನ ಕೆಲಸವನ್ನು ಕೆಡಿಸುತ್ತವೆ. ಶಸ್ತ್ರಕ್ರಿಯೆ ಮಾಡಿಸದಿದ್ದರೆ ಮದ್ದಿನ ಪ್ರಮಾಣ ಹಿಡಿತಕ್ಕೆ ಬರುವುದು ದುಸ್ತರ. ನಮ್ಮ ವಿನೋದಕ್ಕಾಗಿ ಬಾಲವನ್ನೂ ಕಿವಿಯನ್ನೂ ಕತ್ತರಿಸಿದ ತಳಿಯ ಮರಿಯನ್ನು ದುಡ್ಡು ಕೊಟ್ಟು ತಂದವರು ಛೇದದ ಮಾತೆತ್ತುವ ಮೊದಲು ಸ್ವಲ್ಪ ಯೋಚಿಸಲಿ.

ಕಡೆಯದಾಗಿ ಟ್ರಸ್ಟುಗಳಲ್ಲಿ ವಿನಂತಿ. ರೋಗ ತಿಳಿದ ಮೇಲೆ ನಾಯಿಯನ್ನು ಗೋಶಾಲೆಗೋ ಬಸದಿಯ ಅಂಗಳಕ್ಕೋ ತಂದು ಬಿಟ್ಟು, ಜೊತೆಗೊಂದು ದೇಣಿಗೆಯ ಲಕೋಟೆ ಇಟ್ಟು ಹೋಗುವ ಅಭ್ಯಾಸವನ್ನು ನೀವು ಜೀವದಯೆಯೆಂದು ಸ್ವೀಕರಿಸುತ್ತಿದ್ದೀರಿ. ಇನ್ನೂರು ಹಸುಗಳಿಗೆ ಮೇವು ಹಾಕುವ ಆಳು ಒಂದು ನಾಯಿಗೆ ಹನ್ನೆರಡು ಗಂಟೆಗೊಮ್ಮೆ ಅಳತೆ ನೋಡಿ ಚುಚ್ಚಲಾರ. ಅದು ಅವನ ತಪ್ಪಲ್ಲ. ಸಾಕಿದ ಪ್ರಾಣಿಯನ್ನು ಕಾರಣವಿಲ್ಲದೆ ತೊರೆಯುವುದು ೧೯೬೦ರ ಪ್ರಾಣಿಹಿಂಸಾ ತಡೆ ಕಾಯಿದೆಯಲ್ಲಿಯೂ ಅಪರಾಧ. ಮೊದಲ ಅಪರಾಧಕ್ಕೆ ಅದು ವಿಧಿಸುವ ದಂಡ ಹತ್ತರಿಂದ ಐವತ್ತು ರೂಪಾಯಿ; ಆದುದರಿಂದ ಕಾಯಿದೆಗೆ ಯಾರೂ ಅಂಜುವುದಿಲ್ಲ. ಲಕೋಟೆಯನ್ನು ಹಿಂದಿರುಗಿಸಿ ನಾಯಿಯನ್ನು ಮನೆಗೆ ಕಳುಹಿಸುವ ಧೈರ್ಯ ಟ್ರಸ್ಟಿಗೆ ಬೇಕು. ಮನೆಯವರು ಬಡವರಾದರೆ ಆ ಸೀಸೆಯ ಖರ್ಚನ್ನು ಔಷಧದಾನದ ಲೆಕ್ಕದಲ್ಲಿ ಬರೆಯಿರಿ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಮೂರನೆಯದು ಇರುವುದು ಇದಕ್ಕೇ. ದೆಹಲಿಯ ಲಾಲ್ ಮಂದಿರದ ಆವರಣದಲ್ಲಿ ನಮ್ಮವರೇ ನಡೆಸುವ ಪಕ್ಷಿಗಳ ಆಸ್ಪತ್ರೆಯಲ್ಲಿ ಮಾಂಸಾಹಾರಿ ಹದ್ದುಗಳನ್ನು ಒಳರೋಗಿಗಳಾಗಿ ಇರಿಸಿಕೊಳ್ಳದಿದ್ದರೂ ಮದ್ದು ಹಾಕಿ ಕಳುಹಿಸುತ್ತಾರೆ. ವ್ರತವನ್ನೂ ಉಳಿಸಿಕೊಂಡು ಚಿಕಿತ್ಸೆಯನ್ನೂ ಕೊಡುವ ದಾರಿ ಹುಡುಕಿದರೆ ಸಿಗುತ್ತದೆ.

ಇನ್ನೊಂದು ಕೆಲಸ ಹಣವಿಲ್ಲದೆಯೂ ಆಗುವಂಥದು. ಶಿಖರಜಿಗೋ ಗಿರ್ನಾರಿಗೋ ಸಂಘಯಾತ್ರೆ ಹೊರಡುವಾಗ ಹತ್ತು ಹದಿನೈದು ದಿನ ಮನೆಗೆ ಬೀಗ ಬೀಳುತ್ತದೆ. ಇನ್ಸುಲಿನ್ನಿನ ನಾಯಿಯಿರುವ ಮನೆಯವರು ಯಾತ್ರೆಯನ್ನೇ ಬಿಡುತ್ತಾರೆ, ಇಲ್ಲವೇ ನಾಯಿಯನ್ನು ಬಿಡುತ್ತಾರೆ. ಪ್ರತಿ ಬಸದಿಯ ವ್ಯಾಪ್ತಿಯಲ್ಲಿ ಇಬ್ಬರೋ ಮೂವರೋ ಯುವಕ ಯುವತಿಯರು ಪಶುವೈದ್ಯರಲ್ಲಿ ಒಂದು ಮಧ್ಯಾಹ್ನ ಕುಳಿತು ಸೂಜಿ ಹಾಕುವುದನ್ನು ಕಲಿಯಲಿ. ಯಾತ್ರೆಯ ಪಟ್ಟಿಯಲ್ಲಿ ಹೆಸರು ಬರೆಸುವಾಗಲೇ ಮನೆಯಲ್ಲಿ ಮದ್ದಿನ ಪ್ರಾಣಿಯಿದೆಯೇ ಎಂದು ಕೇಳಿ, ಆ ದಿನಗಳಲ್ಲಿ ಬೆಳಿಗ್ಗೆ ಸಂಜೆ ಹೋಗಿಬರುವವರ ಹೆಸರನ್ನೂ ಅದರ ಪಕ್ಕದಲ್ಲಿ ಬರೆದುಕೊಳ್ಳಲಿ.